ಥೇಮ್ಸ್ ದಂಡೆಯ ಬಸವಣ್ಣನ ಮುಂದೆ ತಂಗಿ ಹೇಳಿದ ಮಾತು

ನಮ್ಮ ತಂಗಿ ಲಂಡನ್ನಿಗೆ ಓದಲು ಹೋಗಿ ಮೂರು ತಿಂಗಳಾಗಿದ್ದರೂ ಆ ಊರನ್ನು ನೋಡಿರಲಿಲ್ಲ. ವಾರವೆಲ್ಲ ಕ್ಲಾಸು, ಶನಿವಾರ ಭಾನುವಾರ ಕೆಲಸ. ಡಿಸೆಂಬರ್‌ನಲ್ಲಿ ಒಮ್ಮೆ ಎರಡೂ ದಿನ ಬಿಡುವು ಸಿಕ್ಕಿತು. ಅವಳು ಅಲ್ಲಿ ತಿರುಗಾಡಿದಳು. ಅವ್ವ ಮತ್ತು ನಾವು ಗಂಡ-ಹೆಂಡತಿ ಬಾಗಲಕೋಟೆ ಜಿಲ್ಲೆಯ ನಮ್ಮ ಹಳ್ಳಿಯ ಪಡಸಾಲೆಯಲ್ಲಿ ಕುಳಿತು, ಮೊಬೈಲ್‌ನಲ್ಲೇ ಅವಳ ಹಿಂದೆ ತಿರುಗಿದೆವು.

ಅವಳನ್ನು ಕಳಿಸಲು ಮೂರು ಎಕರೆ ಹೊಲ ಬ್ಯಾಂಕಿಗೆ ಅಡ ಇಟ್ಟಿದ್ದೇವೆ. ಊರಲ್ಲಿ ಯಾರು ಕೇಳಿದರೂ ಅವ್ವ, 'ಓದ್ಕೋತ ಆಫೀಸಿನ್ಯಾಗ ಕೆಲಸಾ ಮಾಡ್ತಾಳ' ಅನ್ನುತ್ತಿದ್ದಳು. ಅದು ಸುಳ್ಳೆಂದು ನಮಗೆ ಗೊತ್ತಿತ್ತು. ತಂಗಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಭಾಂಡೆ ತಿಕ್ಕುತ್ತಿದ್ದಳು. 'ಅವ್ವಗ ಹೇಳಬ್ಯಾಡ ಅಣ್ಣಾ' ಅಂದಿದ್ದಳು. ಊರವರ ಸುದ್ದಿಯನ್ನೆಲ್ಲ ಬರೆಯುವ ನಾವು ಮನೆಯ ಸುದ್ದಿಯನ್ನು ಮುಚ್ಚಿಟ್ಟುಕೊಂಡು ಕುಳಿತಿದ್ದೆವು.

ಶನಿವಾರ ನಮಗೆ ಸಂಜೆ ನಾಲ್ಕೂವರೆ. ಅಲ್ಲಿ ಬೆಳಿಗ್ಗೆ ಹನ್ನೊಂದು. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತು ತಂಗಿ ಪಾರ್ಲಿಮೆಂಟ್ ಕಟ್ಟಡ ತೋರಿಸಿದಳು. ಬಿಗ್ ಬೆನ್ ಅನ್ನುವುದು ಒಳಗಿನ ದೊಡ್ಡ ಗಂಟೆಯ ಹೆಸರಂತೆ. ಗಡಿಯಾರದ ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂಬ ಹೆಸರು. ಸೇತುವೆ ದಾಟಿ ಹೊಳೆಯ ದಂಡೆ ಹಿಡಿದು ನಡೆದಳು. ಅಲ್ಲಿನ ಉದ್ದನೆಯ ಗೋಡೆಯ ತುಂಬ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆ ಕೆಂಪು ಹೃದಯದ ಚಿತ್ರ ಬರೆದಿದ್ದಾರೆ. ಇನ್ನೂ ಮುಂದೆ ನಡೆದು, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ ನಿಂತು ಮೊಬೈಲ್ ತಿರುಗಿಸಿದಳು. ಎದುರಿಗೆ ಬಸವಣ್ಣ.

ಲ್ಯಾಂಬೆತ್‌ನ ಮೇಯರ್ ಆಗಿದ್ದ ನಮ್ಮ ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರ ಶ್ರಮದಿಂದ ನಿಂತ ಮೂರ್ತಿ ಅದು. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದರು. ಅವ್ವನಿಗೆ ಇದು ಯಾವುದೂ ಬೇಕಿರಲಿಲ್ಲ. 'ಇಲ್ಲಿ ಕೂಡಲಸಂಗಮದಾಗೂ ಹೊಳಿ, ಅಲ್ಲೂ ಹೊಳಿ ದಂಡಿ ಮ್ಯಾಲೇ ಕುಂತಾನ ನೋಡು' ಅಂದು ಮೊಬೈಲ್‌ಗೇ ಕೈ ಮುಗಿದಳು. ತಂಗಿಯೂ ಮುಗಿದಳು. ಹೂವಿರಲಿಲ್ಲ, ವಿಭೂತಿ ಇರಲಿಲ್ಲ.

ಆಮೇಲೆ ಏನನ್ನಿಸಿತೋ, ಅಲ್ಲೇ ನಿಂತು ಹೇಳಿಬಿಟ್ಟಳು. 'ಅವ್ವಾ, ನಂದು ಆಫೀಸಿನ ಕೆಲಸ ಅಲ್ಲ. ಹೋಟೆಲಿನ್ಯಾಗ ಭಾಂಡೆ ತಿಕ್ಕತೀನಿ. ಕಾಯಕದ ಬಗ್ಗೆ ಹೇಳಿದವನ ಮುಂದ ನಿಂತು ಸುಳ್ಳ ಹೇಳಾಕ ಆಗವಲ್ದು.'

ಅವ್ವ ಏನೂ ಅನ್ನಲಿಲ್ಲ. ಮೊಬೈಲ್ ನಮ್ಮ ಕೈಗೆ ಕೊಟ್ಟು ದನದ ಕೊಟ್ಟಿಗೆಗೆ ಹೋದಳು. ರಾತ್ರಿ ಅರ್ಧ ರೊಟ್ಟಿ ತಿಂದು ಎದ್ದಳು. ನಮಗೂ ಊಟ ರುಚಿಸಲಿಲ್ಲ. ಮೊದಲೇ ಗೊತ್ತಿತ್ತೇ ಎಂದು ಅವ್ವ ನಮ್ಮನ್ನು ಕೇಳಲೂ ಇಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಭಾನುವಾರ ತಂಗಿ ವೆಸ್ಟ್‌ಮಿನ್‌ಸ್ಟರ್‌ನಿಂದಲೇ ಜುಬಿಲಿ ಲೈನ್ ರೈಲು ಹಿಡಿದು ನೀಸ್ಡನ್‌ಗೆ ಹೋದಳು. ಅಲ್ಲಿ 1995ರಲ್ಲಿ ಕಟ್ಟಿ ಮುಗಿಸಿದ ಸ್ವಾಮಿನಾರಾಯಣ ಮಂದಿರವಿದೆ. ಬಲ್ಗೇರಿಯಾದ ಸುಣ್ಣದಕಲ್ಲು, ಇಟಲಿಯ ಅಮೃತಶಿಲೆಯನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಇಲ್ಲಿನ ಶಿಲ್ಪಿಗಳು ಕೆತ್ತಿ, 26,300 ತುಂಡುಗಳನ್ನು ಲಂಡನ್ನಿಗೆ ಕಳಿಸಿ ಜೋಡಿಸಿದ್ದು. ಪ್ರವೇಶಕ್ಕೆ ದುಡ್ಡಿಲ್ಲ. ಒಳಗೆ ಫೋಟೊ, ವಿಡಿಯೊ ತೆಗೆಯುವಂತಿಲ್ಲ. ಹೀಗಾಗಿ ನಮಗೆ ಕಂಡದ್ದು ಹೊರಗಿನ ಬಿಳಿ ಶಿಖರ ಮಾತ್ರ. ದರ್ಶನ ಮುಗಿಸಿ ಹೊರಬಂದು ತಂಗಿ ಮತ್ತೆ ಕರೆ ಮಾಡಿದಳು. ಕಲ್ಲಿನ ಕತೆ ಹೇಳಿದಳು. ಅವ್ವ ಎಲ್ಲ ಕೇಳಿಸಿಕೊಂಡು ಕಡೆಗೆ ಒಂದೇ ಮಾತು ಕೇಳಿದಳು.

'ಭಾಂಡೆ ತಿಕ್ಕಾಕ ಬಿಸಿನೀರ ಬರ್ತಾವನು?'

'ಬರ್ತಾವ ಬೇ. ಕೈಗೆ ಗ್ಲೌಸೂ ಕೊಡ್ತಾರ.'

'ಹಂಗಾರ ಚಲೋ ಆತು. ಕೈ ತೋರ್ಸು.'

ತಂಗಿ ಎರಡೂ ಕೈ ಮೊಬೈಲ್ ಮುಂದೆ ಹಿಡಿದಳು. ಚಳಿಗೆ ಬೆರಳ ಸಂದು ಒಡೆದಿದ್ದವು. 'ರಾತ್ರಿ ಕೊಬ್ಬರಿ ಎಣ್ಣಿ ಹಚ್ಕೊಂಡು ಮಲಕ್ಕೋ' ಅಂದಳು ಅವ್ವ. ಮರುದಿನ ನಳದ ಹತ್ತಿರ ಯಾರೋ ಮಗಳ ಬಗ್ಗೆ ಕೇಳಿದಾಗ, 'ಹೋಟೆಲಿನ್ಯಾಗ ದುಡೀತಾಳ, ಓದ್ತಾಳ' ಅಂದದ್ದನ್ನು ನಮ್ಮ ಮನೆಯಾಕೆ ಕೇಳಿಸಿಕೊಂಡು ಬಂದಳು.

ನಿಮ್ಮ ಊರಿಂದಲೂ ಮಕ್ಕಳು ಹೀಗೆ ಹೋಗಿರಬಹುದು. ಬ್ರಿಟನ್ನಿನಲ್ಲಿ ಪದವಿ ಓದುವ ವಿದ್ಯಾರ್ಥಿಗಳು ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಅದು ವೀಸಾದ ನಿಯಮ. ಅಷ್ಟರಲ್ಲೇ ಊಟ, ಬಾಡಿಗೆ ಸರಿದೂಗಿಸಬೇಕು. ಅವರು ಕಳಿಸುವ ಫೋಟೊದಲ್ಲಿ ಸೇತುವೆ, ಗುಡಿ, ಗೋಪುರ ಇರುತ್ತವೆ. ಒಮ್ಮೆ ಅವರ ಕೈಯನ್ನೂ ತೋರಿಸಲು ಹೇಳಿ.