ಎರೆನೆಲದವರು ದ್ವೀಪಕ್ಕೆ ಹೋದದ್ದು

ಸಂಜೆ ಐದೂ ಇಪ್ಪತ್ತರ ಸುಮಾರಿಗೆಲ್ಲ ಸೂರ್ಯ ಸಮುದ್ರಕ್ಕೆ ಇಳಿದೇಬಿಟ್ಟ. ಜನವರಿ ತಿಂಗಳು, ದಕ್ಷಿಣ ಅಂಡಮಾನಿನ ಚಿಡಿಯಾ ಟಾಪು ದಂಡೆ. ನಮ್ಮ ಗುಂಪಿನ ಆಯಿಯೊಬ್ಬರು ತಡಮಾಡದೆ ತಾಳಿಕೋಟೆಗೆ ಫೋನು ಹಚ್ಚಿದರು. "ಇಲ್ಲಿ ದೀಪಾ ಹಚ್ಚೂ ಹೊತ್ತಾತು ನೋಡವಾ" ಎಂದರೆ, ಆ ಕಡೆಯಿಂದ ಸೊಸೆ, "ಇಲ್ಲಿ ಇನ್ನಾ ಅಂಗಳದಾಗ ಬಿಸಲೈತ್ರಿ ಅತ್ತಿ, ಒಣಾಕ ಹಾಕಿದ ಅರಬಿ ಸೈತ ತಗದಿಲ್ಲ" ಎಂದಳು. ಎರಡೂ ಕಡೆಯ ಗಡಿಯಾರದಲ್ಲಿ ಒಂದೇ ಹೊತ್ತು. ತಾಳಿಕೋಟೆ 76 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ ಇದೆ, ಈ ದ್ವೀಪ 92 ಡಿಗ್ರಿಯನ್ನೂ ದಾಟಿದೆ. ಡಿಗ್ರಿಗೆ ನಾಲ್ಕು ನಿಮಿಷ ಹಿಡಿದರೂ ಸೂರ್ಯ ಇಲ್ಲಿಂದ ನಮ್ಮೂರಿಗೆ ಹೋಗಲು ಒಂದು ತಾಸಿನ ಮೇಲಾಗುತ್ತದೆ. ಶಾಲೆಯಲ್ಲಿ ಈ ಲೆಕ್ಕ ಬಿಡಿಸಿ ಅಂಕ ತೆಗೆದುಕೊಂಡಿದ್ದೆವು. ಅತ್ತೆ-ಸೊಸೆಯ ಫೋನಿನಲ್ಲಿ ಅದನ್ನು ಕೇಳಿದ್ದು ಅದೇ ಮೊದಲು.

ನಮ್ಮದು ತಾಳಿಕೋಟೆ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯವರು ಕೂಡಿದ್ದ ಗುಂಪು. ನಿವೃತ್ತ ಮಾಸ್ತರರು, ಕಿರಾಣಿ ಅಂಗಡಿಯವರು, ಪರಸಿ ಕಲ್ಲಿನ ವ್ಯಾಪಾರ ಮಾಡುವ ಕಾಕಾ, ಒಂದೆರಡು ಜೋಡಿ ಬೀಗರು. ತೊಗರಿ ರಾಶಿ ಮುಗಿದಿತ್ತು, ಹೊಲದಲ್ಲಿ ಬಿಳಿಜೋಳ ಸೀತನಿಯಾಗುವ ಹೊತ್ತು, ಒಂದು ವಾರ ಊರು ಬಿಟ್ಟರೆ ನಡೆಯುತ್ತದೆ ಎಂದು ಎಲ್ಲರೂ ಹೊರಟಿದ್ದರು. ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ವಿಮಾನ. ಟೂರಿನವರು ಊಟ ತಮ್ಮದೇ ಎಂದಿದ್ದರೂ ಯಾರೂ ನಂಬಿರಲಿಲ್ಲ. ಪ್ರತಿ ಚೀಲದಲ್ಲೂ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ವಾರದ ಕೊನೆಗೆ ಒಂದು ತುಣುಕೂ ಉಳಿದಿರಲಿಲ್ಲ.

ಇಳಿದ ಊರಿನ ಹೆಸರು ಈಗ ಶ್ರೀ ವಿಜಯ ಪುರಂ. 2024ರ ಸೆಪ್ಟೆಂಬರಿನವರೆಗೆ ಅದು ಪೋರ್ಟ್ ಬ್ಲೇರ್. ಬಿಜಾಪುರ 2014ರಲ್ಲಿ ವಿಜಯಪುರವಾದದ್ದನ್ನು ಕಂಡ ನಮಗೆ ಇದರಲ್ಲಿ ಸೋಜಿಗವೇನಿರಲಿಲ್ಲ. ಬಾಯಿ ಮಾತಿನಲ್ಲಿ ಎರಡೂ ಊರಿನವರು ಇನ್ನೂ ಹಳೆಯ ಹೆಸರನ್ನೇ ಹಿಡಿದಿದ್ದಾರೆ. ಸ್ವರಾಜ್ ದ್ವೀಪವನ್ನು ಹ್ಯಾವ್‌ಲಾಕ್ ಎನ್ನದೆ, ಶಹೀದ್ ದ್ವೀಪವನ್ನು ನೀಲ್ ಎನ್ನದೆ ಅಲ್ಲಿ ಟಿಕೀಟು ಕೇಳುವವರೇ ಇಲ್ಲ.

ನಮಗೆ ದಾರಿ ತೋರಿಸಲು ಬಂದವನು ಬಂಗಾಳಿ ಹುಡುಗ. ದೇಶ ಒಡೆದ ಮೇಲೆ ಪೂರ್ವ ಬಂಗಾಳದಿಂದ ಬಂದು, ಸರ್ಕಾರ ಕೊಟ್ಟ ನೆಲದಲ್ಲಿ ಕಾಡು ಕಡಿದು ಗದ್ದೆ ಮಾಡಿಕೊಂಡವರ ಮೊಮ್ಮಗ. ಇಲ್ಲಿ ತಮಿಳರು, ತೆಲುಗರು, ರಾಂಚಿ ಕಡೆಯವರು, ಬರ್ಮಾದಿಂದ ಬಂದ ಕರೆನ್ನರು ಎಲ್ಲರೂ ಇದ್ದಾರೆ, ಎಲ್ಲರ ನಡುವಿನ ಮಾತು ಹಿಂದಿ. ನಮ್ಮ ಆಯಿಯ ಹಿಂದಿ ತಾಳಿಕೋಟೆ ಪೇಟೆಯದು, ದಖನಿ. ಅವರ 'ಕೈಕು', 'ನಕ್ಕೊ'ಗಳನ್ನು ಕೇಳಿ ಮೊದಮೊದಲು ನಗುತ್ತಿದ್ದ ಹುಡುಗ ನಡುವಾರಕ್ಕೆ ತಾನೇ 'ನಕ್ಕೊ ಆಯಿ, ಉಧರ್ ನಕ್ಕೊ' ಎನ್ನತೊಡಗಿದ್ದ.

ಸೆಲ್ಯುಲಾರ್ ಜೈಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಬರೆಯುವುದಿಲ್ಲ. 1896ರಿಂದ 1906ರವರೆಗೆ ಕಟ್ಟಿದ ಏಳು ಸಾಲುಗಳಲ್ಲಿ ಮೂರು ಉಳಿದಿವೆ. ಒಂದೊಂದು ಖೋಲಿಯೂ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ, ಮೇಲೆ ಒಂದು ಬೆಳಕಿಂಡಿ. ಒಳಗೆ ನಿಂತಾಗ ನನಗೆ ನೆನಪಾದವನು ನಮ್ಮ ನೆರೆಯ ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ. 1858ರಲ್ಲಿ ಅವನಿಗೆ ಕೊಟ್ಟ ಮರಣದಂಡನೆಯನ್ನು ಮೊದಲು ಕರಿನೀರಿಗೆ, ಆಮೇಲೆ ನಾಲ್ಕು ವರ್ಷದ ಸೆರೆಗೆ ಇಳಿಸಲಾಯಿತು. ಸೆರೆಮನೆಗೆ ಒಯ್ಯುವ ದಾರಿಯಲ್ಲೇ ಗುಂಡು ತಗುಲಿ ಸತ್ತ. ಅದೇ ವರ್ಷದ ಮಾರ್ಚಿನಲ್ಲಿ ಇಲ್ಲಿ ಮೊದಲ ಕೈದಿಗಳ ಹಡಗು ಬಂದು ನಿಂತಿತ್ತು.

ಈಗ ಬಾರಾಟಾಂಗ್ ದ್ವೀಪ. ವಾರದಲ್ಲಿ ನಾನು ಮರೆಯದ ದಿನ ಅದು.

ನಸುಕಿನ ಮೂರಕ್ಕೇ ಎಬ್ಬಿಸಿದರು. ಸುಮಾರು ನಲವತ್ತು ಕಿಲೋಮೀಟರ್ ಆಚೆ ಜಿರ್ಕಾಟಾಂಗ್ ಎಂಬಲ್ಲಿ ತನಿಖಾ ಗೇಟು. ಅಲ್ಲಿಂದ ಮುಂದೆ ಜಾರವಾ ಜನರ ಕಾಯ್ದಿಟ್ಟ ಕಾಡು. ಗಾಡಿಗಳನ್ನು ಗೊತ್ತಾದ ಹೊತ್ತಿಗಷ್ಟೇ ಸಾಲುಗಟ್ಟಿಸಿ, ಹಿಂದೆ ಮುಂದೆ ಕಾವಲಿಟ್ಟು ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೋ ಹೊಡೆಯುವ ಹಾಗಿಲ್ಲ, ಏನನ್ನೂ ಕೊಡುವ ಹಾಗಿಲ್ಲ. ಜಾರವಾಗಳು ಸಾವಿರಾರು ವರ್ಷ ಈ ಕಾಡನ್ನೇ ನಂಬಿ ಬದುಕಿದವರು, ಈಗ ಕೆಲವೇ ನೂರು ಜನ. ಹೊರಗಿನವರ ಜೊತೆ ಹಗೆ ಬಿಟ್ಟು ಒಡನಾಡತೊಡಗಿದ್ದೇ 1990ರ ದಶಕದ ಕೊನೆಯಲ್ಲಿ. ನಮ್ಮ ಬಸ್ಸಿನಲ್ಲೂ ಒಬ್ಬಿಬ್ಬರು ಕಿಟಕಿಗೆ ಮುಖ ಹಚ್ಚಿ "ಕಾಣ್ತಾರೇನು, ಕಾಣ್ತಾರೇನು" ಎಂದು ಕುಳಿತಿದ್ದರು. ಮಾಸ್ತರರು ಗದರಿದರು: "ನಿಮ್ಮ ಅಂಗಳದಾಗ ಬಸ್ ನಿಲ್ಲಿಸಿ ನಿಮ್ಮನ್ನ ಹಿಂಗ ನೋಡಿದ್ರ ಹೆಂಗನಸತೈತಿ?" ನನಗೂ ಅದೇ ಮಾತು. ಆ ರಸ್ತೆಯಲ್ಲಿ ಮರ ನೋಡಿಕೊಂಡು ಹೋಗಬೇಕು, ಮನುಷ್ಯರನ್ನು ಹುಡುಕಬಾರದು.

ಮರಗಳೇನು ಕಡಿಮೆಯೇ! ಗರ್ಜನ್ ಮರದ ಕಾಂಡ ಹತ್ತಾಳೆತ್ತರದವರೆಗೆ ಒಂದು ಕೊಂಬೆಯೂ ಇಲ್ಲದೆ ನೆಟ್ಟಗೆ ಹೋಗಿರುತ್ತದೆ. ನಡುವೆ ಕೆಂಪು ತಿರುಳಿನ ಪಡೌಕ್, ಅದನ್ನು ಸುತ್ತಿದ ಬೆತ್ತ, ಅದರ ಮೇಲೆ ಇನ್ನೊಂದು ಬಳ್ಳಿ. ಬಿಸಿಲು ನೆಲ ಮುಟ್ಟುವುದಿಲ್ಲ. ವಿಜಯಪುರ ಜಿಲ್ಲೆಯ ಕಾಡು ಬಹುಕಾಲ ಶೇ. 1ನ್ನೂ ಮುಟ್ಟಿರಲಿಲ್ಲ, ಈ ದ್ವೀಪಗಳಲ್ಲಿ ಶೇ. 80ಕ್ಕೂ ಹೆಚ್ಚು ನೆಲ ಕಾಡೇ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಇಲ್ಲಿ ಸುಮಾರು 3,000. ಇಷ್ಟು ಕಾಡಿದ್ದರೂ ಹುಲಿಯಿಲ್ಲ, ಚಿರತೆಯಿಲ್ಲ, ಅಂಡಮಾನ್ ಗುಂಪಿನಲ್ಲಿ ಒಂದು ಮಂಗ ಕೂಡ ಇಲ್ಲ. ಮುಖ್ಯ ಭೂಮಿಯಿಂದ ಈಜಿ ಬರಲಾಗದ ಪ್ರಾಣಿಗಳು ಬರಲೇ ಇಲ್ಲ.

ಮಿಡಲ್ ಸ್ಟ್ರೇಟ್ ಎಂಬ ಕಡಲ ಸೀಳನ್ನು ಬಸ್ಸು-ಲಾರಿಗಳ ಸಮೇತ ದೊಡ್ಡ ದೋಣಿಯಲ್ಲಿ ದಾಟಿದೆವು. ಆಮೇಲೆ ಸಣ್ಣ ಮೋಟರ್ ದೋಣಿ. ಕೊನೆಗೆ ನೀರಿನ ದಾರಿ ಕಿರಿದಾಗುತ್ತ ಹೋಗಿ ಎರಡೂ ಕಡೆಯ ಕಾಂಡ್ಲಾ ಗಿಡಗಳು ತಲೆಯ ಮೇಲೆ ಕೂಡಿಕೊಂಡವು. ಆ ಗಿಡಗಳು ಕೆಸರಿಗೆ ಬಿಲ್ಲಿನಂತೆ ಬಾಗಿದ ಬೇರುಗಳನ್ನು ಊರಿ, ಬುಡವನ್ನು ನೀರಿನಿಂದ ಮೇಲೆತ್ತಿ ನಿಲ್ಲುತ್ತವೆ. ದಡದಲ್ಲಿ ಮೊಸಳೆಯ ಎಚ್ಚರಿಕೆಯ ಫಲಕ. ಉಪ್ಪುನೀರಿನ ಮೊಸಳೆ, ಬದುಕಿರುವ ಸರೀಸೃಪಗಳಲ್ಲೆಲ್ಲ ದೊಡ್ಡದು. ದೋಣಿಯ ಅಂಚಿನ ಮೇಲಿದ್ದ ಕೈಗಳೆಲ್ಲ ತಾವಾಗಿಯೇ ಒಳಗೆ ಬಂದವು.

ದೋಣಿ ಇಳಿದು ಗದ್ದೆ ದಾಟಿ ಕಿಲೋಮೀಟರಿನ ಮೇಲೆ ನಡೆದರೆ ಸುಣ್ಣದ ಕಲ್ಲಿನ ಗವಿ. ಬಾಯಿಯಲ್ಲಿ ಬೆಳಕು, ಹತ್ತು ಹೆಜ್ಜೆಗೆ ಕತ್ತಲೆ. ಹುಡುಗ ಬ್ಯಾಟರಿ ಬಿಟ್ಟ. ಮೇಲಿನಿಂದ ಇಳಿಬಿದ್ದ ಕಲ್ಲು, ಕೆಳಗಿನಿಂದ ಎದ್ದ ಕಲ್ಲು, ಕೆಲವು ಕಡೆ ಎರಡೂ ಕೂಡಿ ಕಂಬವಾದದ್ದು. ಎಲ್ಲ ಗವಿಗಳ ಗೈಡುಗಳಂತೆ ಅವನೂ ಇದು ಗಣಪತಿ, ಇದು ಕಮಲ ಎಂದು ತೋರಿಸುತ್ತ ಹೋದ. ನನಗೆ ಆ ಆಟ ರುಚಿಸುವುದಿಲ್ಲ, ಕಲ್ಲು ಕಲ್ಲಾಗಿದ್ದರೇ ಸಾಕಷ್ಟು ಅದ್ಭುತ.

ಪರಸಿ ಕಾಕಾ ಮಾತ್ರ ಗುಂಪು ಬಿಟ್ಟು ಒಂದೇ ಕಡೆ ನಿಂತಿದ್ದರು. ಇಳಿಬಿದ್ದ ಒಂದು ಕಲ್ಲಿನ ತುದಿಯಲ್ಲಿ ನೀರಿನ ಹನಿ. ಬೀಳುತ್ತದೆ ಎಂದುಕೊಂಡರೆ ಬೀಳದು, ದುಂಡಗಾಗುತ್ತದೆ, ಬ್ಯಾಟರಿ ಬೆಳಕಿಗೆ ಮಿಂಚುತ್ತದೆ, ತುಸು ಉದ್ದವಾಗುತ್ತದೆ, ಮತ್ತೂ ಬೀಳದು. ಕೊನೆಗೆ ಟಪ್ಪೆಂದು ಬಿದ್ದ ಮೇಲೆ ಆ ತುದಿ ಹಸಿಯಾಗಿಯೇ ಉಳಿಯಿತು. ಕಾಕಾ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಲು ಕೈ ಎತ್ತಿದರು. ಹುಡುಗ ಓಡಿ ಬಂದು, "ನಕ್ಕೊ ಅಂಕಲ್" ಎಂದ. ಕೈಯ ಜಿಡ್ಡು ತಾಗಿದರೆ ಅಲ್ಲಿ ಮತ್ತೆ ಸುಣ್ಣ ಕೂಡುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ ಎಂದು ವಿವರಿಸಿದ. ಕಾಕಾ ನನ್ನ ಕಡೆ ತಿರುಗಿ, "ಇಷ್ಟ ವರ್ಸ ಕಲ್ಲ ಮಾರಿದ್ನಿ, ಹಸೀ ಕಲ್ಲ ಇವತ್ತ ನೋಡಿದ್ನಿ ನೋಡ್ರಿ" ಎಂದರು.

ನಡೆಯುವುದಿಷ್ಟೆ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಇಂಗಾಲದ ಡೈಆಕ್ಸೈಡ್ ಕುಡಿದು ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣದ ಕಲ್ಲು ಕರಗುತ್ತದೆ. ಕರಗಿದ ನೀರು ಗವಿಯ ಗಾಳಿಗೆ ಬಂದಾಗ ಅನಿಲ ಹಾರಿಹೋಗುತ್ತದೆ, ಸುಣ್ಣ ಕೂದಲೆಳೆಗಿಂತ ತೆಳ್ಳಗೆ ಉಳಿಯುತ್ತದೆ. ಹೀಗೇ ಸಾವಿರಾರು ವರ್ಷ. ನಮ್ಮ ಬಚ್ಚಲುಮನೆಯ ಹಂಡೆಯ ತಳದಲ್ಲಿ ಬೋರಿನ ನೀರು ಕಟ್ಟುವ ಬಿಳಿ ಪದರ ಇದೇ ಕೆಲಸದ್ದು. ಹುಳಿ ಹಾಕಿ ತಿಕ್ಕಿ ಬೈದುಕೊಳ್ಳುವ ಆ ಪದರವನ್ನು ಇಲ್ಲಿ ಟಿಕೀಟು ಕೊಟ್ಟು ನೋಡುತ್ತಿದ್ದೆವು.

ಕಾಕಾ ಮಾರುವ ಪರಸಿಯೂ ಸುಣ್ಣದ ಕಲ್ಲೇ. ತಾಳಿಕೋಟೆ ಸುತ್ತಲಿನ ಬೂದುಬಣ್ಣದ ಹಾಸುಗಲ್ಲು, ಶಹಾಬಾದಿನ ಕಲ್ಲಿನಂತೆ, ಭೂವಿಜ್ಞಾನಿಗಳು ಭೀಮಾ ಸಮೂಹ ಎನ್ನುವ ಶಿಲೆಗಳ ಪೈಕಿಯದು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಒಂದು ಸಮುದ್ರದ ತಳದಲ್ಲಿ ಪದರು ಪದರಾಗಿ ಕೂತದ್ದು. ಅದಕ್ಕೇ ಖಣಿಯಲ್ಲಿ ಸುತ್ತಿಗೆ, ಉಳಿ ಹಾಕಿದರೆ ಹಲಗೆ ಹಲಗೆಯಾಗಿ ಏಳುತ್ತದೆ. ನಮ್ಮ ಪಡಸಾಲೆ, ಅಡುಗೆಮನೆಯ ಕಟ್ಟೆ, ಗುಡಿಯ ಅಂಗಳ ಎಲ್ಲವೂ ಒಂದು ಕಾಲದ ಸಮುದ್ರದ ನೆಲ. ಸಮುದ್ರ ನೋಡಲು ಸಾವಿರಾರು ರೂಪಾಯಿ ಕೊಟ್ಟು ಬಂದವರು ಹುಟ್ಟಿದಾಗಿನಿಂದ ಅದರ ಮೇಲೇ ರೊಟ್ಟಿ ಬಡಿಯುತ್ತಿದ್ದೆವು. ಈ ಮಾತನ್ನು ದೋಣಿಯಲ್ಲಿ ಹೇಳಿದಾಗ ಆಯಿ ನಂಬಲಿಲ್ಲ. ಕಾಕಾ ನಂಬಿದರು. ಕಲ್ಲು ಸೀಳಿದಾಗ ಕೆಲವೊಮ್ಮೆ ನೀರಿನ ಅಲೆ ಎಳೆದ ಹಾಗೆ ಗೆರೆ ಕಾಣುತ್ತದೆ, ಅಂಥವನ್ನು ಗಿರಾಕಿ ಒಲ್ಲೆ ಎನ್ನುತ್ತಾರೆ ಎಂದರು.

ಅಂಡಮಾನಿನ ನೆಲವೂ ಸಮುದ್ರದಿಂದ ಎದ್ದದ್ದೇ. ಭಾರತದ ಭೂಫಲಕ ಇಲ್ಲಿ ಪೂರ್ವದ ಫಲಕದ ಅಡಿಗೆ ನುಗ್ಗುತ್ತಿದೆ, ನುಗ್ಗುವಾಗ ಕೆರೆದು ಮೇಲೆ ಬಂದ ಕಡಲತಳದ ಮಣ್ಣು-ಕಲ್ಲುಗಳೇ ಈ ಗುಡ್ಡಸಾಲು. ಆ ಕೆಲಸ ಇನ್ನೂ ನಿಂತಿಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ದಂಡೆಗಳು ಮೇಲೆದ್ದು ಹವಳಗಳು ಬಯಲಿಗೆ ಬಿದ್ದವು, ನಿಕೋಬಾರಿನ ದಕ್ಷಿಣ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿನಷ್ಟು ಕುಸಿಯಿತು. ಪೂರ್ವಕ್ಕೆ ಬ್ಯಾರನ್ ದ್ವೀಪವಿದೆ, ದೇಶದಲ್ಲಿ ಈಗಲೂ ಬೆಂಕಿಯುಗುಳುವ ಒಂದೇ ಜ್ವಾಲಾಮುಖಿ. ನೂರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದು 1991ರಲ್ಲಿ ಎದ್ದಿತು. ನಮ್ಮನ್ನು ಅಲ್ಲಿಗೆ ಒಯ್ಯಲಿಲ್ಲ, ಹುಡುಗ ದಿಕ್ಕು ತೋರಿಸಿದ, ಅಷ್ಟೆ. ನಮ್ಮ ಎರೆಮಣ್ಣು ಹುಟ್ಟಿದ್ದೂ ಇಂಥದೇ ಲಾವಾದಿಂದ, ಅದು ಆರಿ ಆರು ಕೋಟಿ ವರ್ಷವಾಗಿದೆ.

ಹ್ಯಾವ್‌ಲಾಕಿನ ರಾಧಾನಗರ ದಂಡೆ ಚಂದವೇ. ಹಿಟ್ಟಿನಂಥ ಮರಳು, ಹಿಂದೆಯೇ ಕಾಡು. ಆದರೆ ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಜನ್ ಎಂಬ ಆನೆಯ ಕಥೆ. ಮರ ಎಳೆಯಲೆಂದು ತಂದ ಆನೆಗಳಿಗೆ ಇಲ್ಲಿ ಕಡಲಲ್ಲಿ ಈಜುವುದನ್ನು ಕಲಿಸುತ್ತಿದ್ದರು. ಮರ ಕಡಿಯುವುದು ನಿಂತ ಮೇಲೆ ಉಳಿದ ಕೊನೆಯ ಈಜುಗಾರ ರಾಜನ್, 2016ರಲ್ಲಿ ತೀರಿಕೊಂಡಿತು. ಸೊಂಡಿಲು ಮಾತ್ರ ಮೇಲೆತ್ತಿ ನೀಲಿ ನೀರಿನೊಳಗೆ ಆನೆ ಕಾಲಾಡಿಸುವುದನ್ನು ಕಂಡವರು ಪುಣ್ಯವಂತರು.

ನೀಲ್ ದ್ವೀಪದಲ್ಲಿ ಕಾರ್ಯಕ್ರಮವೆಲ್ಲ ಭರತ-ಇಳಿತದ ಪಟ್ಟಿ ನೋಡಿ. ಉಪ್ಪುನೀರು ನಮಗೆ ಹೊಸದಲ್ಲ, ನಮ್ಮ ಡೋಣಿ ಹೊಳೆಯ ನೀರೇ ಸಪ್ಪೆಯಲ್ಲ, ದಂಡೆಯಲ್ಲಿ ಉಪ್ಪು ಬೆಳ್ಳಗೆ ಬೆವರುತ್ತದೆ. ಆ ಹೊಳೆ ಮಳೆಗಾಲದಲ್ಲಿ ಉಕ್ಕಿ ಹಡಗಿನಾಳದ ಸೇತುವೆ ಮುಳುಗಿಸಿ ದಾರಿ ಕಟ್ಟುತ್ತದೆ, ಇಳಿದ ಮೇಲೆ ಡೋಣಿ ಬೆಳೆದರೆ ಓಣೆಲ್ಲ ಜೋಳ ಎನ್ನುತ್ತೇವೆ. ಇಲ್ಲಿ ನೀರು ದಿನಕ್ಕೆ ಎರಡು ಸಲ ಬಂದು ಎರಡು ಸಲ ಹೋಗುತ್ತದೆ, ದಿನಾ ಐವತ್ತು ನಿಮಿಷ ತಡವಾಗಿ. ಇಳಿತದಲ್ಲಿ ಲಕ್ಷ್ಮಣಪುರದ ಕಲ್ಲುಕಮಾನಿನ ಹತ್ತಿರ ಅರ್ಧ ಕಿಲೋಮೀಟರಿನಷ್ಟು ಹವಳದ ನೆಲ ಬಿಚ್ಚಿಕೊಂಡಿತ್ತು. ಒಂದು ಗುಂಡಿಯಲ್ಲಿ ಕಪ್ಪೆಚಿಪ್ಪಿನ ಜಾತಿಯ ದೊಡ್ಡ ಜೀವಿ, ಬಾಯಂಚಿಗೆ ನವಿಲುಬಣ್ಣದ ಮಾಂಸ. ನಾನು ಬಾಗಿದಾಗ ನನ್ನ ನೆರಳು ಅದರ ಮೇಲೆ ಬಿತ್ತು, ಫಕ್ಕನೆ ಬಾಯಿ ಮುಚ್ಚಿತು. ಸರಿದು ನಿಂತೆ, ತಡೆದು ತಡೆದು ತೆರೆಯಿತು. ಮುಕ್ಕಾಲು ತಾಸಿನಲ್ಲಿ ನೀರು ಮೀನಖಂಡಕ್ಕೆ ಬಂದಿತ್ತು, ಹುಡುಗ ಸೀಟಿ ಊದಿದ.

ಸಮುದ್ರದ ನಡುವೆ ಇದ್ದೂ ಕುಡಿಯುವ ನೀರಿಗೆ ಇಲ್ಲಿ ಬೇಸಿಗೆಯಲ್ಲಿ ತಾಪತ್ರಯವೇ. ಪೋರ್ಟ್ ಬ್ಲೇರಿಗೆ ಮುಖ್ಯ ಆಧಾರ ಧನಿಖಾರಿ ಅಣೆಕಟ್ಟೆ. ಲಾಡ್ಜಿನ ಬಚ್ಚಲಲ್ಲಿ 'ನೀರು ಮಿತವಾಗಿ ಬಳಸಿ' ಎಂದು ಬರೆದದ್ದನ್ನು ಓದಿ ನಮ್ಮವರು ನಕ್ಕರು, ಆ ವಿದ್ಯೆ ಯಾರೂ ಕಲಿಸಬೇಕಿರಲಿಲ್ಲ.

ನಮ್ಮ ಕಡೆಯಿಂದ ಹೋಗುವವರಿಗೆ ಒಂದೆರಡು ಮಾತು. ನವೆಂಬರಿನಿಂದ ಏಪ್ರಿಲ್‌ವರೆಗೆ ಹೋಗಿ. ಮಳೆಗಾಲದಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳು ಯಾವಾಗ ಬೇಕಾದರೂ ರದ್ದಾಗುತ್ತವೆ. ನೀರಾಟ, ಮುತ್ತಿನ ಅಂಗಡಿ ಎಂದು ಟೂರಿನವರು ದಿನ ತುಂಬಿಸುವುದೇ ಹೆಚ್ಚು, ಹಾಗಾಗಿ ದುಡ್ಡು ಕಟ್ಟುವ ಮುಂಚೆಯೇ ಕೇಳಿಕೊಳ್ಳಿ: ಬಾರಾಟಾಂಗಿಗೆ ಪೂರ್ತಿ ಒಂದು ದಿನ ಇಟ್ಟಿದ್ದೀರಾ, ನೀಲ್ ದ್ವೀಪಕ್ಕೆ ಒಯ್ಯುವುದು ಇಳಿತದ ಹೊತ್ತಿಗೋ ಊಟದ ಹೊತ್ತಿಗೋ? ದಂಡೆಯಲ್ಲಿ ಸಿಕ್ಕಿತೆಂದು ಹವಳದ ಚೂರು, ಚಿಪ್ಪು ಚೀಲಕ್ಕೆ ಹಾಕಬೇಡಿ, ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಚೀಲ ಬಿಚ್ಚಿಸುತ್ತಾರೆ. ರೊಟ್ಟಿಗೆ ಮಾತ್ರ ಯಾರೂ ಅಡ್ಡಿ ಮಾಡಲಿಲ್ಲ.