ಕಡಲಂಚಿನ ಬ್ರೈಟನ್ ಪಟ್ಟಣ

ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಲಂಡನ್ ಮಹಾನಗರಕ್ಕೆ ಸುಮಾರು 50 ಮೈಲಿ ದೂರದಲ್ಲಿ, ಸೀಮೆಸುಣ್ಣದ ಗುಡ್ಡಗಳಿಗೂ ಸಮುದ್ರಕ್ಕೂ ನಡುವೆ ಬ್ರೈಟನ್ ಎಂಬ ಪಟ್ಟಣವಿರುತ್ತದೆ. ರೈಲಿನಲ್ಲಿ ಒಂದು ಗಂಟೆಯ ಪ್ರಯಾಣ. ಬೇಸಿಗೆ ಬಂದಿತೆಂದರೆ ಲಂಡನಿನ ಜನರು ಮಕ್ಕಳುಮರಿಗಳೊಡನೆ ತಂಡತಂಡವಾಗಿ ಇಲ್ಲಿಗೆ ಬಂದು ಬಿಸಿಲು ಕಾಯಿಸಿಕೊಂಡು ಸಂಜೆಗೆ ಹಿಂದಿರುಗುವರು. ಇಂತಹ ವಿಹಾರಸ್ಥಳಗಳು ಆ ದೇಶದ ತೀರದಲ್ಲಿ ಅನೇಕವಾಗಿ ಉಂಟು. ಆದರೆ ಭಾರತೀಯನಾದವನು ಅವುಗಳಲ್ಲಿ ಒಂದನ್ನೇ ನೋಡಬಹುದಾದರೆ ಬ್ರೈಟನ್ನನ್ನೇ ನೋಡತಕ್ಕದ್ದು. ಅದಕ್ಕೆ ಕಾರಣವೇನೆಂಬುದು ಮುಂದೆ ತಿಳಿಯುವುದು.

ಸಮುದ್ರಸ್ನಾನವೆಂದರೆ ನಮಗೆ ಗೋಕರ್ಣ ರಾಮೇಶ್ವರಗಳ ನೆನಪು, ಪುಣ್ಯಕಾಲದ ನೆನಪು. ಆಂಗ್ಲರಿಗೆ ಅದು ಮೊದಲು ಔಷಧವಾಗಿ ಬಂದಿತು. ಬ್ರೈಟನ್ ಹಿಂದೆ ಬ್ರೈಟ್‌ಹೆಲ್ಮ್‌ಸ್ಟನ್ ಎಂಬ ಬೆಸ್ತರ ಹಳ್ಳಿ. 1750ನೆಯ ಇಸವಿಯಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು ಗ್ರಂಥಿರೋಗಗಳಿಗೆ ಸಮುದ್ರದ ನೀರು ದಿವ್ಯೌಷಧವೆಂದು ಲ್ಯಾಟಿನ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಆ ನೀರಿನಲ್ಲಿ ಮೀಯಬೇಕು. ಅಷ್ಟೇ ಅಲ್ಲ, ಅದನ್ನು ಕುಡಿಯಲೂ ಬೇಕು! ಅಂದಿನಿಂದ ಸಿರಿವಂತ ರೋಗಿಗಳು ಈ ಹಳ್ಳಿಗೆ ಬರತೊಡಗಿದರು. ಗಾಲಿಗಳಿದ್ದ ಮರದ ಗೂಡುಗಳಲ್ಲಿ ಸ್ತ್ರೀಯರನ್ನು ಕುಳ್ಳಿರಿಸಿ ನೀರಿನವರೆಗೆ ಎಳೆದೊಯ್ಯುವರು; ಅಲ್ಲಿ ಬಲಿಷ್ಠರಾದ ಊರ ಹೆಂಗಸರು ಅವರನ್ನು ಹಿಡಿದು ತಣ್ಣೀರಿನಲ್ಲಿ ಮುಳುಗಿಸಿ ಎತ್ತುವರು. ಈ ಕೆಲಸದಲ್ಲಿ ಮಾರ್ಥಾ ಗನ್ ಎಂಬಾಕೆಯು ಅತ್ಯಂತ ಹೆಸರು ಪಡೆದಿದ್ದಳು. 1841ರಲ್ಲಿ ಲಂಡನಿನಿಂದ ರೈಲು ಬಂದ ಮೇಲೆ ಸಾಮಾನ್ಯ ಜನರಿಗೂ ಕಡಲಿನ ದಾರಿ ತೆರೆಯಿತು.

ನಮ್ಮ ಕಾರವಾರ ಮಲ್ಪೆಗಳ ಮೆತ್ತನೆಯ ಮರಳನ್ನು ಕಂಡವರಿಗೆ ಬ್ರೈಟನ್ನಿನ ತೀರವು ವಿಚಿತ್ರವಾಗಿ ತೋರುವುದು. ಇಲ್ಲಿರುವುದೆಲ್ಲ ಗುಂಡನೆಯ ಬೆಣಚುಕಲ್ಲುಗಳು. ಬರಿಗಾಲಿನಲ್ಲಿ ನಡೆಯುವುದು ಕಷ್ಟ. ಆದರೆ ಪ್ರತಿಯೊಂದು ಅಲೆಯೂ ಹಿಂದಕ್ಕೆ ಸರಿಯುವಾಗ ಆ ಕಲ್ಲುಗಳು ಉರುಳಿ ಮಾಡುವ ಮೊರೆತವನ್ನು ಕೇಳುತ್ತ ಎಷ್ಟು ಹೊತ್ತಾದರೂ ಕುಳಿತಿರಬಹುದು. ದಡದಿಂದ ಕಡಲಿನೊಳಕ್ಕೆ ಕಬ್ಬಿಣದ ಕಂಬಗಳ ಮೇಲೆ ಕಟ್ಟಿರುವ ಉದ್ದವಾದ ಅಟ್ಟಣೆಗೆ ಪಿಯರ್ ಎಂದು ಹೆಸರು. 1899ರಲ್ಲಿ ತೆರೆದ ಪ್ಯಾಲೆಸ್ ಪಿಯರ್ 1,700 ಅಡಿಗೂ ಹೆಚ್ಚು ಉದ್ದವಾಗಿದ್ದು, ಅದರ ಮೇಲೆ ತಿಂಡಿಯಂಗಡಿ, ಆಟದ ಯಂತ್ರ, ತಿರುಗುವ ಕುದುರೆ ಮೊದಲಾದ ವಿನೋದಗಳೆಲ್ಲ ಇವೆ. ಪಶ್ಚಿಮಕ್ಕೆ 1866ರ ಇನ್ನೊಂದು ಪಿಯರ್ ಇದ್ದಿತು. 1975ರಲ್ಲಿ ಮುಚ್ಚಲ್ಪಟ್ಟು, 2003ರಲ್ಲಿ ಬೆಂಕಿಗೆ ಆಹುತಿಯಾಗಿ, ಅದರ ಕಬ್ಬಿಣದ ಅಸ್ಥಿಪಂಜರ ಮಾತ್ರ ನೀರಿನಲ್ಲಿ ನಿಂತಿದೆ. ಸಂಜೆಯ ಕೆಂಪಿನಲ್ಲಿ ಅದರ ಸುತ್ತ ಹಕ್ಕಿಗಳು ಹಿಂಡುಗಟ್ಟಿ ಸುಳಿಯುವುದನ್ನು ನೋಡಲು ಜನರು ಸೇರುವರು. ತೀರದ ಉದ್ದಕ್ಕೂ ಓಡುವ ಪುಟ್ಟ ವಿದ್ಯುತ್ ರೈಲನ್ನು ಮ್ಯಾಗ್ನಸ್ ವೋಕ್ ಎಂಬ ಊರಿನವನೇ 1883ರಲ್ಲಿ ಆರಂಭಿಸಿದನು. ಜಗತ್ತಿನಲ್ಲಿ ಇನ್ನೂ ನಡೆಯುತ್ತಿರುವ ವಿದ್ಯುತ್ ರೈಲುಗಳಲ್ಲಿ ಇದೇ ಹಳೆಯದು. ಮಕ್ಕಳನ್ನು ಕರೆದುಕೊಂಡು ಹೋದವರು ಇದರಲ್ಲಿ ಕುಳಿತುಕೊಳ್ಳದೆ ಬರಲಾಗದು.

ತೀರದಿಂದ ಐದು ನಿಮಿಷ ಒಳಕ್ಕೆ ನಡೆದರೆ ಕಣ್ಣನ್ನೇ ನಂಬಲಾಗದ ದೃಶ್ಯವೊಂದು ಎದುರಾಗುತ್ತದೆ. ಮೋಡ ಕವಿದ ಇಂಗ್ಲಿಷ್ ಆಕಾಶದ ಕೆಳಗೆ, ಮೈಸೂರು ಅರಮನೆಯನ್ನು ಕಂಡವರಿಗೆ ಪರಿಚಿತವೆನಿಸುವ ಗುಮ್ಮಟಗಳು, ಮಿನಾರುಗಳು, ಜಾಲಂದ್ರಗಳು! ಇದೇ ರಾಯಲ್ ಪೆವಿಲಿಯನ್. ಮುಂದೆ ನಾಲ್ಕನೆಯ ಜಾರ್ಜ್ ಎಂಬ ಹೆಸರಿನಿಂದ ಪಟ್ಟವೇರಿದ ಭೋಗಪ್ರಿಯನಾದ ರಾಜಕುಮಾರನು 1783ರಲ್ಲಿ ಮೊದಲು ಬ್ರೈಟನ್ನಿಗೆ ಬಂದು, ಊರಿಗೆ ಮನಸೋತು, ಇಲ್ಲೊಂದು ಮನೆ ಮಾಡಿಕೊಂಡನು. 1815ರಿಂದ ಜಾನ್ ನ್ಯಾಷ್ ಎಂಬ ಶಿಲ್ಪಿಯು ಆ ಮನೆಯನ್ನು ಈಗಿನ ರೂಪಕ್ಕೆ ತಂದನು. ನ್ಯಾಷನು ಭಾರತವನ್ನು ಕಂಡವನಲ್ಲ. ನಮ್ಮ ದೇಶದಲ್ಲಿ ಸಂಚರಿಸಿದ್ದ ಡೇನಿಯಲ್ ಮನೆತನದ ಚಿತ್ರಕಾರರು ಪ್ರಕಟಿಸಿದ್ದ ಚಿತ್ರಗಳೇ ಅವನಿಗೆ ಆಧಾರ. ಹೊರಗೆ ಹಿಂದೂಸ್ಥಾನ, ಒಳಗೆ ಕಾಲಿಟ್ಟರೆ ಚೀಣಾ ದೇಶ! ಭೋಜನಶಾಲೆಯಲ್ಲಿ ಬೆಳ್ಳಿಯ ಬಣ್ಣದ ಮಹಾಸರ್ಪವೊಂದು 30 ಅಡಿ ಎತ್ತರದ ದೀಪಗುಚ್ಛವನ್ನು ಉಗುರುಗಳಲ್ಲಿ ಹಿಡಿದು ತೂಗುತ್ತಿದೆ. ಗೃಹಿಣಿಯರು ಅಡಿಗೆಮನೆಯನ್ನು ಅವಶ್ಯವಾಗಿ ನೋಡಬೇಕು. ಅದರ ಕಬ್ಬಿಣದ ಕಂಬಗಳ ತುದಿಯಲ್ಲಿ ತಾಮ್ರದ ತಾಳೆಗರಿಗಳು ಬಿಚ್ಚಿಕೊಂಡಿವೆ. ಗೋಡೆಯ ತುಂಬ ಥಳಥಳಿಸುವ ತಾಮ್ರದ ಪಾತ್ರೆಗಳ ಸಾಲು. ಪ್ರಖ್ಯಾತನಾದ ಫ್ರೆಂಚ್ ಪಾಕಶಾಸ್ತ್ರಜ್ಞ ಕರೇಮ್ ಎಂಬಾತನು ಕೆಲಕಾಲ ಈ ರಾಜಕುಮಾರನ ಬಳಿ ಇದ್ದನು. ವಿಕ್ಟೋರಿಯಾ ರಾಣಿಗೆ ಮಾತ್ರ ಈ ಆಡಂಬರವೂ ಜನರ ನೂಕುನುಗ್ಗಲೂ ಹಿಡಿಸಲಿಲ್ಲ. 1850ರಲ್ಲಿ ಪಟ್ಟಣದವರೇ ಈ ಅರಮನೆಯನ್ನು ಕೊಂಡುಕೊಂಡರು.

ಕಲ್ಲು ಗಾರೆಗಳ ಈ ಕಲ್ಪಿತ ಭಾರತವು ಎದ್ದುನಿಲ್ಲುತ್ತಿದ್ದ ಕಾಲದಲ್ಲಿಯೇ ಭಾರತೀಯನೊಬ್ಬನು ಇದೇ ಊರಿನಲ್ಲಿ ದುಡಿದು ಕೀರ್ತಿ ಪಡೆದನು. ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದನು ಕಂಪೆನಿಯ ಸೈನ್ಯದಲ್ಲಿದ್ದು, ಬಳಿಕ ಐರ್ಲೆಂಡಿಗೆ ಹೋಗಿ ಅಲ್ಲಿಯ ಕನ್ಯೆಯನ್ನು ವರಿಸಿ, 1794ರಲ್ಲಿ ತನ್ನ ಪ್ರವಾಸಗಳ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದನು. ಭಾರತೀಯನು ಆ ಭಾಷೆಯಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವದು. 1810ರಲ್ಲಿ ಲಂಡನಿನಲ್ಲಿ ಹಿಂದೂಸ್ಥಾನಿ ಊಟದ ಮನೆಯನ್ನು ತೆರೆದು ನಷ್ಟಪಟ್ಟರೂ ಎದೆಗುಂದದೆ, 1814ರ ಸುಮಾರಿಗೆ ಬ್ರೈಟನ್ನಿಗೆ ಬಂದು, ಔಷಧಿಗಳ ಆವಿಯಲ್ಲಿ ಬೆವರಿಸಿ ಅಂಗಮರ್ದನ ಮಾಡುವ ಸ್ನಾನಗೃಹವನ್ನು ಸ್ಥಾಪಿಸಿದನು. ಮೈ ತೀಡುವುದಕ್ಕೆ ಹಿಂದಿಯಲ್ಲಿರುವ ಚಾಂಪಿ ಎಂಬ ಮಾತೇ ಶಾಂಪೂ ಆಗಿ ಇಂಗ್ಲಿಷಿನಲ್ಲಿ ನೆಲೆಸಿತು. ಆ ಚಿಕಿತ್ಸೆಗೆ ಅಲ್ಲಿ ಹೆಸರು ತಂದವನು ಇವನು. ಇಬ್ಬರು ದೊರೆಗಳು ಇವನನ್ನು ತಮ್ಮ ಅಂಗಮರ್ದಕನನ್ನಾಗಿ ನೇಮಿಸಿಕೊಂಡರು. 1851ರಲ್ಲಿ ತೀರಿಕೊಂಡ ಇವನ ಸಮಾಧಿಯು ಸೇಂಟ್ ನಿಕೊಲಸ್ ದೇವಾಲಯದ ಅಂಗಳದಲ್ಲಿದೆ.

ವಿಲಾಸಕ್ಕೆಂದು ಕಟ್ಟಿದ ಪೆವಿಲಿಯನ್ನಿನಲ್ಲಿ ನಿಜವಾದ ಭಾರತೀಯರು ಹೆಚ್ಚಾಗಿ ಬಂದು ತಂಗಿದ್ದು ಒಂದು ಶತಮಾನದ ತರುವಾಯ, ಅದೂ ಗಾಯಗೊಂಡು. 1914ರ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗಕ್ಕೆ ಹೋದ ನಮ್ಮ ಸಿಪಾಯಿಗಳಿಗಾಗಿ ಆ ವರ್ಷದ ಕೊನೆಯಲ್ಲಿ ಈ ಅರಮನೆಯನ್ನೂ ಪಕ್ಕದ ಗುಮ್ಮಟದ ಸಭಾಂಗಣವನ್ನೂ ಆಸ್ಪತ್ರೆಯನ್ನಾಗಿ ಮಾರ್ಪಡಿಸಿದರು. ಭೋಜನಶಾಲೆ ಸಂಗೀತಶಾಲೆಗಳಲ್ಲಿ ಮಂಚಗಳ ಸಾಲು; ಔತಣಗಳನ್ನು ಬೇಯಿಸಿದ ಅಡಿಗೆಮನೆಯಲ್ಲಿ ಶಸ್ತ್ರಚಿಕಿತ್ಸೆ. ಜಾತಿಮತಗಳ ಆಚಾರಕ್ಕೆ ಭಂಗ ಬಾರದಂತೆ ಒಂಬತ್ತು ಅಡಿಗೆಮನೆಗಳು. ಹಿಂದೂಗಳಿಗೂ ಮುಸಲ್ಮಾನರಿಗೂ ಬೇರೆ ಬೇರೆ ನೀರಿನ ನಲ್ಲಿಗಳು. ಸಿಖ್ಖರ ಪ್ರಾರ್ಥನೆಗೆ ತೋಟದಲ್ಲಿ ಡೇರೆ. ದೊರೆಯು ತನ್ನ ಅರಮನೆಯನ್ನೇ ಸಿಪಾಯಿಗಳಿಗೆ ತೆರವು ಮಾಡಿಕೊಟ್ಟನೆಂದು ಆಗ ಪ್ರಚಾರವಾಯಿತು. ಅದು ಅರುವತ್ತು ವರ್ಷಗಳಿಂದ ಪಟ್ಟಣದವರ ಸ್ವತ್ತಾಗಿದ್ದುದನ್ನು ಹೇಳುವವರಿರಲಿಲ್ಲ. ಉಪಚಾರಕ್ಕೆ ಕೊರತೆಯಿರಲಿಲ್ಲವೆಂಬುದು ಸತ್ಯ. ಆದರೆ ಸುತ್ತಲೂ ಬೇಲಿಯಿದ್ದಿತು. ಬೇಕೆಂದಾಗ ಊರೊಳಗೆ ತಿರುಗಾಡುವ ಸ್ವಾತಂತ್ರ್ಯವಿರಲಿಲ್ಲ. ಮನೆಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಓದಿಯೇ ಕಳುಹಿಸುತ್ತಿದ್ದರು. 1916ರ ಆರಂಭಕ್ಕೆ ಈ ಆಸ್ಪತ್ರೆಯು ಮುಗಿಯಿತು. ಇದರ ಸ್ಮರಣಾರ್ಥವಾಗಿ ಭಾರತೀಯರು ಕೊಟ್ಟ ಹೆಬ್ಬಾಗಿಲನ್ನು ಪಟಿಯಾಲದ ಮಹಾರಾಜರು 1921ರಲ್ಲಿ ಉದ್ಘಾಟಿಸಿದರು. ತೋಟದ ದಕ್ಷಿಣ ಬಾಗಿಲೇ ಅದು.

ಗುಣವಾಗದೆ ಮಡಿದವರ ಗತಿಯೇನಾಯಿತು? ಮುಸಲ್ಮಾನರನ್ನು ವೋಕಿಂಗ್ ಎಂಬ ಊರಿನ ಮಸೀದಿಯ ಸಮೀಪದಲ್ಲಿ ಮಣ್ಣುಮಾಡಿದರು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಮಂದಿ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನು ಊರಿನ ಉತ್ತರಕ್ಕಿರುವ ಗುಡ್ಡದ ಮೇಲೆ ಅವರವರ ವಿಧಿಯಂತೆ ದಹಿಸಿ, ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಿದರು. ಆ ಸ್ಥಳದಲ್ಲಿ ಬೊಂಬಾಯಿಯ ಹೆನ್ರಿಕ್ಸ್ ಎಂಬ ತರುಣ ಶಿಲ್ಪಿಯ ಯೋಜನೆಯಂತೆ ಎಂಟು ಕಂಬಗಳ ಬಿಳಿಯ ಅಮೃತಶಿಲೆಯ ಛತ್ರಿಯನ್ನು ನಿಲ್ಲಿಸಿ, 1921ರ ಫೆಬ್ರವರಿ 1ರಂದು ಅನಾವರಣ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಗುಡ್ಡವು ಸೈನಿಕರ ತಾಲೀಮಿಗೆ ಬಳಕೆಯಾಗಿ, ಛತ್ರಿಗೆ ಗುಂಡುಗಳು ತಗಲಿದ್ದವು. ಅನಂತರ ದುರಸ್ತಿ ಮಾಡಿದರು. ಮಡಿದವರ ಹೆಸರುಗಳನ್ನು ಕೆತ್ತಿದ ಕಲ್ಲು ಬಳಿಯಲ್ಲಿ ಸ್ಥಾಪಿತವಾದದ್ದು 2010ರಲ್ಲಿ. ಅಂದರೆ ಆ ಹೆಸರುಗಳು ಕಲ್ಲನ್ನು ಸೇರಲು ತೊಂಬತ್ತೈದು ವರ್ಷಗಳು ಹಿಡಿದವು.

ಛತ್ರಿಯವರೆಗೆ ಮೋಟಾರು ಹೋಗುವುದಿಲ್ಲ. ಪ್ಯಾಚಮ್ ಎಂಬಲ್ಲಿಂದ ಕುರಿಗಳು ಮೇಯುವ ಹುಲ್ಲುಗಾವಲನ್ನು ದಾಟಿ ಕಾಲುನಡಿಗೆಯಿಂದಲೇ ಏರಬೇಕು. ಗಾಳಿ ಬಲವಾಗಿರುತ್ತದೆ, ಬೆಚ್ಚನೆಯ ಉಡುಪೂ ಗಟ್ಟಿಯಾದ ಪಾದರಕ್ಷೆಯೂ ಅವಶ್ಯ. ಮೇಲೇರಿ ನಿಂತರೆ ಊರೂ ಅದರಾಚೆಯ ಕಡಲೂ ದೂರದಲ್ಲಿ ಕಾಣುವುವು. ಪ್ರತಿವರ್ಷವೂ ಜೂನ್ ತಿಂಗಳಲ್ಲಿ ಜನರು ಇಲ್ಲಿ ಸೇರಿ ಮಡಿದವರಿಗೆ ನಮನ ಸಲ್ಲಿಸುವರು.

ಇಂದು ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಇಂಗ್ಲೆಂಡಿನಲ್ಲಿ ವಿದ್ಯೆಗೋ ಉದ್ಯೋಗಕ್ಕೋ ನೆಲೆಸಿದ್ದಾರೆ. ಅವರನ್ನು ನೋಡಲು ತಾಯಿತಂದೆಗಳು ಹೋಗಿಬರುವುದೂ ಉಂಟು. ಅಂಥವರು ಬ್ರೈಟನ್ನಿಗೆ ಹೋದಾಗ ಪಿಯರಿನ ವಿನೋದವನ್ನು ಅನುಭವಿಸಲಿ, ಪುಟ್ಟ ರೈಲಿನಲ್ಲಿ ಕೂರಲಿ, ಅರಮನೆಯ ದೀಪಗಳನ್ನು ಕಂಡು ಬೆರಗಾಗಲಿ. ಆದರೆ ಅರ್ಧ ದಿನವನ್ನು ಗುಡ್ಡಕ್ಕಾಗಿ ಮೀಸಲಿಡಲಿ. ಆ 53 ಮಂದಿಯ ತಾಯಂದಿರಾಗಲಿ ಮಡದಿಯರಾಗಲಿ ಈ ಸ್ಥಳವನ್ನು ಕಾಣುವಂತಿರಲಿಲ್ಲ. ಅವರ ಪರವಾಗಿ ಹೋಗಿ ಅಲ್ಲಿ ಒಂದು ಗಳಿಗೆ ತಲೆಬಾಗಿಸಿ ನಿಲ್ಲುವುದು ನಮ್ಮವರಿಗೆ ಸಾಧ್ಯವಿದೆ.