ಪರದೇಶಪ್ರಯಾಣವೂ ಒರಗುಸೈಕಲ್ಲೂ

ಪರದೇಶಕ್ಕೆ ಹೊರಟವನು ತನ್ನ ವಾಹನವನ್ನು ಜೊತೆಯಲ್ಲಿ ಒಯ್ಯತಕ್ಕದ್ದೋ, ಹೋದೆಡೆಯಲ್ಲಿಯೇ ಬಾಡಿಗೆಗೆ ಹಿಡಿಯತಕ್ಕದ್ದೋ ಎಂಬ ಪ್ರಶ್ನೆಯು ಮೇಲುನೋಟಕ್ಕೆ ಧನಿಕರ ಪ್ರಶ್ನೆಯಂತೆ ತೋರುವುದು. ಆದರೆ ಮೊಣಕಾಲು ನೋಯುವವರೂ ಬೆನ್ನು ಬಾಗದವರೂ ಇರುವ ಮನೆಗಳಲ್ಲಿ ಅದು ಗೃಹಕೃತ್ಯದ ಪ್ರಶ್ನೆಯೇ ಸರಿ. ಈಚೆಗೆ ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಸಮುದ್ರದಾಚೆ ನೆಲಸಿರುವರು. ತಂದೆತಾಯಿಗಳು ಹೋಗಿ ಬರುವರು. ಅಲ್ಲಿಯ ನೆರೆಹೊರೆಯವರೂ ಇತ್ತ ಬಂದು ಹೋಗುವರು. ಆದುದರಿಂದ ನಾವು ಹೊಸಪೇಟೆಯಲ್ಲಿ ಕಂಡು ಅನುಭವಿಸಿದ ಒಂದು ಸಂಗತಿಯನ್ನು ವಾಚಕರ ಮುಂದಿಡುವುದು ನಿಷ್ಪ್ರಯೋಜನವಾಗಲಾರದೆಂದು ನಂಬಿದ್ದೇವೆ.

ವಾಹನವೆಂದರೆ ಇಲ್ಲಿ ಮೋಟಾರು ಗಾಡಿಯಲ್ಲ, ಸೈಕಲ್ಲು. ಅದರಲ್ಲಿಯೂ ಇಂಗ್ಲಿಷಿನಲ್ಲಿ ರಿಕಂಬೆಂಟ್ ಎಂದು ಕರೆಯಲ್ಪಡುವ ವಿಲಕ್ಷಣ ಜಾತಿಯ ಸೈಕಲ್ಲು. ನಾವು ಇದನ್ನು ಒರಗುಸೈಕಲ್ಲೆಂದು ಕರೆಯುವೆವು. ಸಾಧಾರಣ ಸೈಕಲ್ಲಿನಲ್ಲಿ ಸವಾರನ ಭಾರವು ಕಿರಿದಾದ ಸೀಟಿನ ಮೇಲೂ ಎರಡು ಅಂಗೈಗಳ ಮೇಲೂ ಬೀಳುವುದು. ಇದರಲ್ಲಿಯಾದರೋ ಸವಾರನು ಆರಾಮಕುರ್ಚಿಯಲ್ಲಿ ಕುಳಿತಂತೆ ಹಿಂದಕ್ಕೆ ಒರಗಿ, ಕಾಲುಗಳನ್ನು ಮುಂದಕ್ಕೆ ಚಾಚಿ, ತನಗಿಂತ ಮುಂದಿರುವ ಪೆಡಲುಗಳನ್ನು ತುಳಿಯುವನು. ಬೆನ್ನಿಗೆ ಪೂರ್ತಿ ಆಸರೆ, ಕೈಗಳಿಗೆ ಭಾರವಿಲ್ಲ. ಎರಡು ಗಾಲಿಯವೂ ಉಂಟು, ಮೂರು ಗಾಲಿಯವೂ ಉಂಟು. ಮೂರು ಗಾಲಿಯದಾದರೆ ಬೀಳುವ ಭಯವಿಲ್ಲ. ಸೈಕಲ್ಲು ಬಾರದವರೂ ಹತ್ತಬಹುದು.

ಇಷ್ಟು ಗುಣವುಳ್ಳದ್ದು ಬೀದಿಬೀದಿಯಲ್ಲಿ ಏಕೆ ಕಾಣುವುದಿಲ್ಲವೆಂದು ವಾಚಕರು ಕೇಳಬಹುದು. ಅದಕ್ಕೊಂದು ಇತಿಹಾಸವಿದೆ. 1933ರ ಜುಲೈ 7ರಂದು ಪ್ಯಾರಿಸ್ ನಗರದಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರನು ಚಾರ್ಲ್ಸ್ ಮೋಷೆ ರಚಿಸಿದ ಒರಗುಸೈಕಲ್ಲಿನ ಮೇಲೆ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ತುಸು ಹೆಚ್ಚು ದೂರ ಸಾಗಿ, 1914ರಿಂದ ಅಚಲವಾಗಿದ್ದ ಆಸ್ಕರ್ ಎಗ್ಗನ ದಾಖಲೆಯನ್ನು ಮುರಿದನು. ಇದು ಸೈಕಲ್ಲೇ ಹೌದೋ ಅಲ್ಲವೋ ಎಂಬ ವಾದ ಎದ್ದಿತು. 1934ರಲ್ಲಿ ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು ಸೈಕಲ್ಲಿನ ಲಕ್ಷಣವನ್ನು ಹೊಸದಾಗಿ ಬರೆದು ಇದನ್ನು ಪಂದ್ಯಗಳಿಂದ ಹೊರಗಿಟ್ಟಿತು. ಲಕ್ಷಣಗ್ರಂಥದ ಬಲವೆಂತಹುದೆಂಬುದನ್ನು ವ್ಯಾಕರಣ ಓದಿದ ನಾವು ಬಲ್ಲೆವು; ಸೂತ್ರದಿಂದ ಹೊರಗುಳಿದ ಪ್ರಯೋಗವು ಸಾಧುವಾದರೂ ಬಳಕೆಗೆ ಬರುವುದು ತಡ. ಪಂದ್ಯವಿಲ್ಲದ್ದಕ್ಕೆ ಪ್ರಚಾರವಿಲ್ಲ, ಪ್ರಚಾರವಿಲ್ಲದ್ದಕ್ಕೆ ಕಾರ್ಖಾನೆಗಳು ಕೆಲವೇ, ಕಾರ್ಖಾನೆ ಕೆಲವಿದ್ದುದರಿಂದ ಬೆಲೆ ಹೆಚ್ಚು. ಹೀಗೆ ಇದು ವಿರಳವಾಯಿತು. ವಿರಳವಾದ ವಸ್ತುವು ಎಲ್ಲೆಡೆ ಬಾಡಿಗೆಗೆ ದೊರೆಯಲಾರದು. ನಮ್ಮ ಪ್ರಶ್ನೆಯ ಮೂಲ ಇದೇ.

ನಮ್ಮ ಹಿರಿಯ ಮಗನು ನೆದರ್ಲೆಂಡ್ಸ್ ದೇಶದಲ್ಲಿ ಉದ್ಯೋಗದಲ್ಲಿರುವನು. ಅವನ ನೆರೆಮನೆಯ ದಂಪತಿಗಳು ನಮ್ಮ ವಯಸ್ಸಿನವರು. ಗೃಹಸ್ಥನು ನಮ್ಮಂತೆಯೇ ನಿವೃತ್ತನಾದ ಉಪಾಧ್ಯಾಯನು. ಹಂಪಿಯನ್ನು ನೋಡಬೇಕೆಂಬುದು ಅವನ ಬಹುಕಾಲದ ಹಂಬಲ. ಆದರೆ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಆತನು ಬಹುದೂರ ನಡೆಯಲಾರನು, ಸಾಧಾರಣ ಸೈಕಲ್ಲಿನ ಮೇಲೆ ಕುಳಿತಿರಲಾರನು. ತನ್ನ ಊರಿನಲ್ಲಿ ಮೂರು ಗಾಲಿಯ ಒರಗುಸೈಕಲ್ಲಿನಿಂದಲೇ ಸಂಚರಿಸುವನು. 2024ರ ಮಳೆಗಾಲದಲ್ಲಿ ಅವನು ಮಗನ ಮೂಲಕ ನಮ್ಮನ್ನು ಕೇಳಿಸಿದ್ದು ಇಷ್ಟೆ: ಇಂತಹುದು ನಿಮ್ಮಲ್ಲಿ ಬಾಡಿಗೆಗೆ ಸಿಕ್ಕುವುದೆ? ಸಿಕ್ಕದಿದ್ದರೆ ನನ್ನದನ್ನೇ ತರಲೆ?

ನಾವು ಕಮಲಾಪುರದಲ್ಲಿಯೂ ಹಂಪಿಯಲ್ಲಿಯೂ ವಿಚಾರಿಸಿದೆವು. ದಿನದ ಬಾಡಿಗೆಗೆ ಸೈಕಲ್ಲು ಕೊಡುವ ಪದ್ಧತಿ ಇಲ್ಲಿ ಬಹುಕಾಲದಿಂದಲೂ ಇದೆ. ಹಂಪಿಯು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಿದೇಶೀಯರು ಹೆಚ್ಚಿದಂತೆ ಈ ಕಸುಬೂ ಬೆಳೆಯಿತು. 2011ರಲ್ಲಿ ಹಂಪಿಯ ಬಜಾರಿನ ಮಂಟಪಗಳನ್ನು ತೆರವು ಮಾಡಿಸಿದಾಗಲೂ, ಹೊಳೆಯಾಚೆ ವಿರುಪಾಪುರಗಡ್ಡೆಯ ತಂಗುಮನೆಗಳನ್ನು 2020ರಲ್ಲಿ ಕೆಡವಿದಾಗಲೂ ಬಾಡಿಗೆಯವರು ಜಾಗ ಬದಲಿಸಬೇಕಾಯಿತು. ಕಸುಬು ಮಾತ್ರ ನಿಲ್ಲಲಿಲ್ಲ. ಆದರೆ ಎಲ್ಲವೂ ಸಾಧಾರಣ ಸೈಕಲ್ಲುಗಳು. ನಾವು ಒರಗುಸೈಕಲ್ಲಿನ ಚಿತ್ರವನ್ನು ತೋರಿಸಿದಾಗ ಒಬ್ಬ ಅಂಗಡಿಯವನು, “ಇದರಲ್ಲಿ ಮಲಗಿಕೊಂಡರೆ ಗುಡಿ ಕಾಣುತ್ತದೆಯೆ ಸ್ವಾಮಿ?” ಎಂದನು. ಬಾಡಿಗೆಯ ಆಸೆ ಅಲ್ಲಿಗೆ ಮುಗಿಯಿತು.

ಹಾಗಾದರೆ ತರಬೇಕು. ಕಡಲಿನಾಚೆಯಿಂದ ವಾಹನವನ್ನು ತರಿಸುವ ಕಷ್ಟವು ಈ ನೆಲಕ್ಕೆ ಹೊಸತಲ್ಲ. ವಿಜಯನಗರದ ಅರಸರು ಹಾರ್ಮುಜ್ ಮೊದಲಾದ ರೇವುಗಳಿಂದ ಕುದುರೆಗಳನ್ನು ಹಡಗಿನಲ್ಲಿ ತರಿಸುತ್ತಿದ್ದರು. ಹಜಾರರಾಮನ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಕುದುರೆಗಳ ಸಾಲನ್ನು ಈಗಲೂ ನೋಡಬಹುದು. 1535ರ ಸುಮಾರಿಗೆ ಇಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸನು ಬರೆದಿಟ್ಟಿರುವಂತೆ, ಸಾಳುವ ನರಸಿಂಹನು ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವ್ಯಾಪಾರಿಗಳಿಗೆ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ದಾರಿಯ ನಷ್ಟವನ್ನು ತರಿಸಿದವನೇ ಹೊರುವ ಈ ಔದಾರ್ಯವನ್ನು ಈಗಿನ ವಿಮಾನದ ಕಂಪನಿಗಳಿಂದ ಯಾರೂ ನಿರೀಕ್ಷಿಸಲಾಗದು.

ವಿಮಾನದ ನಿಯಮಗಳನ್ನು ಮಗನಿಂದ ತಿಳಿದುಕೊಂಡೆವು. ಅನೇಕ ಕಂಪನಿಗಳು ಒಂದು ಮೂಟೆಗೆ 23 ಕಿಲೋಗ್ರಾಂ ತೂಕವನ್ನು ಮಿತಿಯಾಗಿ ಇಟ್ಟಿರುವುವು. 32 ಕಿಲೋಗ್ರಾಂ ಮೀರಿದ ಮೂಟೆಯನ್ನು ಪ್ರಯಾಣಿಕರ ಸಾಮಾನಿನಲ್ಲಿ ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಸೈಕಲ್ಲನ್ನು ಒಯ್ಯಬೇಕಾದರೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆಯಬೇಕು. ವಿದ್ಯುತ್ತಿನ ಸಹಾಯವುಳ್ಳ ಸೈಕಲ್ಲಾದರೆ 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಅಂತಹ ಸೈಕಲ್ಲುಗಳ ಬ್ಯಾಟರಿಗಳು ಬಹುಮಟ್ಟಿಗೆ ಇದಕ್ಕಿಂತ ದೊಡ್ಡವು. ಅತಿಥಿಯದು ಬ್ಯಾಟರಿಯಿಲ್ಲದ, ನಡುವೆ ಮಡಚಬಹುದಾದ ಜಾತಿಯದಾದುದರಿಂದ ದೊಡ್ಡ ಪೆಟ್ಟಿಗೆಯೊಂದರಲ್ಲಿ ಅಡಗಿತು. 2025ರ ಜನವರಿಯಲ್ಲಿ ದಂಪತಿಗಳು ಬೆಂಗಳೂರಿಗೆ ಬಂದಿಳಿದರು. ಪೆಟ್ಟಿಗೆಯು ಹಂಪಿ ಎಕ್ಸ್‌ಪ್ರೆಸ್ಸಿನ ಸಾಮಾನಿನ ಡಬ್ಬಿಯಲ್ಲಿ ಹೊಸಪೇಟೆಗೆ ಬಂದಿತು.

ಬಿಚ್ಚಿ ನೋಡುವಲ್ಲಿ ಪೆಟ್ಟಿಗೆಯ ಒಂದು ಮೂಲೆ ಜಜ್ಜಿಹೋಗಿತ್ತು. ಒಳಗೆ, ಸರಪಣಿಗೆ ನಡುವೆ ದಾರಿ ತೋರಿಸುವ ಚಿಕ್ಕ ರಾಟೆಯೊಂದು ಒಡೆದಿತ್ತು. ಒರಗುಸೈಕಲ್ಲಿನ ಸರಪಣಿ ಸಾಧಾರಣ ಸರಪಣಿಯ ಎರಡೂವರೆ ಮೂರು ಪಟ್ಟು ಉದ್ದ; ರಾಟೆಯಿಲ್ಲದೆ ಅದು ನೆಲಕ್ಕೆ ಜೋತುಬೀಳುವುದು. ಅತಿಥಿಯ ಮುಖವು ಕ್ಷಣಮಾತ್ರದಲ್ಲಿ ಬಾಡಿತು. ಸಾವಿರಾರು ಮೈಲಿ ಬಂದವನು ಅಂಗೈಯಗಲದ ಒಂದು ಚೂರಿನ ದೆಸೆಯಿಂದ ಕೋಣೆಯಲ್ಲಿ ಕೂರಬೇಕಾಗುವುದೆ? ಆದರೆ ಹೊಸಪೇಟೆಯು ಸೊಂಡೂರಿನ ಅದಿರಿಗೂ ಲಾರಿಗಳಿಗೂ ದಾರಿಯಾದ ಊರು. ಇಲ್ಲಿ ಲೇತು ಯಂತ್ರದ ಕುಶಲರಿಗೆ ಕೊರತೆಯಿಲ್ಲ. ವೃದ್ಧ ಕಾರಿಗರನೊಬ್ಬನು ಚೂರುಗಳನ್ನು ಕೂಡಿಸಿ ಅಳೆದು, ನೈಲಾನ್ ಸರಳೊಂದನ್ನು ಕಡೆದು, ಸಂಜೆಯೊಳಗೆ ಹೊಸ ರಾಟೆಯನ್ನು ಕೈಯಲ್ಲಿಟ್ಟನು. ಇಪ್ಪತ್ತು ಅಂಗುಲದ ಗಾಲಿಗಳಿಗೆ ಬೇಕಾದ ಟ್ಯೂಬುಗಳು ನಮ್ಮ ಮಕ್ಕಳ ಸೈಕಲ್ಲಿನ ಅಂಗಡಿಯಲ್ಲಿಯೇ ದೊರೆತುವು.

ಅತಿಥಿಯ ಪತ್ನಿಯು ಕಮಲಾಪುರದಲ್ಲಿ ಸಾಧಾರಣ ಸೈಕಲ್ಲನ್ನೇ ಬಾಡಿಗೆಗೆ ಹಿಡಿದಳು. ಬ್ರೇಕು, ಗಾಳಿ, ಬೀಗ ಮೂರನ್ನೂ ನೋಡಿ ತೆಗೆದುಕೊಂಡಳು. ಎರಡನೆಯ ದಿನ ಪಂಕ್ಚರಾದಾಗ ಅಂಗಡಿಯವನು ಬೇರೆ ಸೈಕಲ್ಲು ಕೊಟ್ಟನು. ಆಕೆಯ ಚಿಂತೆ ಐದು ನಿಮಿಷದ್ದು. ಬಾಡಿಗೆಯ ಸುಖವೆಂದರೆ ಇದೇ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಎಂಬ ಊರುಂಟು. ಕೃಷ್ಣದೇವರಾಯನ ಕಾಲದ ಆ ದೇವಾಲಯದಲ್ಲಿ ಈಗ ಮೂರ್ತಿಯಿಲ್ಲ. ಇಲ್ಲಿಗೆ ಬರಬೇಕಾಗಿದ್ದ ಸ್ವಾಮಿಯು ಹೊಳಲಿನಲ್ಲಿಯೇ ಉಳಿದನೆಂದು ಜನರ ಹೇಳಿಕೆ. ಅತಿಥಿಯು ಒರಗಿಕೊಂಡು ಆ ಊರನ್ನು ಹಾಯುವಾಗ ಮಕ್ಕಳು ಹಿಂದೆ ಓಡಿ “ಅನಂತಶಯನ ಸೈಕಲ್!” ಎಂದು ಕೂಗಿದರು. ನಾವು ಯೋಚಿಸಿಟ್ಟಿದ್ದ ಸಂಸ್ಕೃತದ ಹೆಸರುಗಳೆಲ್ಲ ಈ ಒಂದು ಹೆಸರಿನ ಮುಂದೆ ನಿಲ್ಲಲಿಲ್ಲ.

ಕಂಪ್ಲಿಯ ದಾರಿ ಸಮತಟ್ಟು. ಕಾಲುವೆಯ ನೀರು, ಬತ್ತದ ಗದ್ದೆ, ಬಾಳೆಯ ತೋಟ. ಕಂಪ್ಲಿಯು ನಮ್ಮ ಸಹಧರ್ಮಿಣಿಯ ತವರು. ಅತಿಥಿಗಳು ಅಲ್ಲಿ ಊಟ ಮಾಡಿ, ಹೊಳೆಯ ಸೇತುವೆಯನ್ನು ನೋಡಿ, ದಣಿವಿಲ್ಲದೆ ಮರಳಿದರು. ಸೊಂಡೂರಿನ ಮಾತು ಬೇರೆ. ಒರಗುಸೈಕಲ್ಲಿನವನು ಏರಿನಲ್ಲಿ ಎದ್ದು ನಿಂತು ತುಳಿಯಲಾರನು. ಆದುದರಿಂದ ಘಟ್ಟದ ದಾರಿಯಲ್ಲಿ ಅದು ಮಂದಗತಿ. ಅಲ್ಲದೆ ಸವಾರನು ನೆಲಕ್ಕೆ ಸಮೀಪ ಕುಳಿತಿರುವುದರಿಂದ ದೊಡ್ಡ ಲಾರಿಯ ಚಾಲಕನ ಕಣ್ಣಿಗೆ ಸುಲಭವಾಗಿ ಬೀಳಲಾರನು; ಹಿಂದೆ ಎತ್ತರದ ಕೋಲಿಗೆ ಬಾವುಟ ಕಟ್ಟಿದ್ದರೂ ಅದಿರಿನ ಲಾರಿಗಳ ದಾರಿಯಲ್ಲಿ ಅದು ಸಾಲದು. ಸೊಂಡೂರಿನವರೆಗೆ ಸೈಕಲ್ಲನ್ನು ಸರಕಿನ ಗಾಡಿಯಲ್ಲಿ ಹೇರಿಸಿ, ನಾರಿಹಳ್ಳದ ಜಲಾಶಯದ ಬಳಿ ಮಾತ್ರ ಆತನನ್ನು ತುಳಿಯಗೊಟ್ಟೆವು. ತಂದ ವಾಹನವನ್ನೂ ಕೆಲವೆಡೆ ಬೇರೊಂದು ವಾಹನವು ಹೊರಬೇಕಾಗುವುದು.

ಇನ್ನು ನಮ್ಮ ಮನೆಯ ಮಾತು. ನಮ್ಮ ಸಹಧರ್ಮಿಣಿಗೆ ಮೊಣಕಾಲಿನ ಸಂದು ಸವೆದು ಆರು ವರ್ಷಗಳಾದುವು. ಮಗನು ಕರೆದಾಗಲೆಲ್ಲ, “ಅಷ್ಟು ದೂರ ಬಂದು ನಿಮ್ಮ ಮನೆಯ ಕಿಟಕಿಯಲ್ಲಿ ಕೂರುವುದಕ್ಕೆ ನನ್ನ ಮನೆಯ ಕಿಟಕಿ ಸಾಲದೆ?” ಎನ್ನುವಳು. ಮೊಮ್ಮಗಳು ಅಲ್ಲಿಯೇ ಹುಟ್ಟಿ ಮೂರು ವರ್ಷದವಳಾದರೂ ಅಜ್ಜಿಯು ಅವಳನ್ನು ದೂರವಾಣಿಯ ಗಾಜಿನಲ್ಲಿ ಮಾತ್ರ ಕಂಡಿದ್ದಳು. ಒಂದು ಬೆಳಗ್ಗೆ ರಾಣಿಸ್ನಾನಗೃಹದ ಬಳಿ ಅತಿಥಿಯು ತಾನೇ ಇಳಿದು, ಕೈಸನ್ನೆಯಿಂದ ಆಕೆಯನ್ನು ಕೂರಲು ಹೇಳಿದನು. ಹುಡುಗಿಯಾಗಿದ್ದಾಗ ಕಂಪ್ಲಿಯಲ್ಲಿ ಅಣ್ಣಂದಿರ ಸೈಕಲ್ಲನ್ನು ಮುಟ್ಟಗೊಡಿಸದೆ ಬೆಳೆಸಿದ್ದರು. ಆಕೆ ನಮ್ಮ ಮುಖವನ್ನು ನೋಡದೆಯೇ ಕುಳಿತಳು. ಕಾಲು ಪೆಡಲಿಗೆ ನಿಲುಕಲಿಲ್ಲ. ಮುಂದಿನ ದಂಡವನ್ನು ಹಿಂದಕ್ಕೆ ಸರಿಸಿ, ಸರಪಣಿಯ ಕೊಂಡಿಗಳನ್ನು ಕಳಚಿ ಸರಿಮಾಡಲು ಅರ್ಧ ಗಂಟೆ ಹಿಡಿಯಿತು. ಬಳಿಕ ಆಕೆ ಮಹಾನವಮಿ ದಿಬ್ಬದ ಕಡೆಗೆ ಅರ್ಧ ಮೈಲಿಗೂ ತುಸು ಕಡಮೆ ದೂರ ಒಬ್ಬಳೇ ತುಳಿದುಕೊಂಡು ಹೋದಳು. ನಾವು ಪಕ್ಕದಲ್ಲಿ ಬೇಗ ಬೇಗ ನಡೆಯಬೇಕಾಯಿತು. ಏಳಿಸಲು ಮಾತ್ರ ಇಬ್ಬರು ಕೈಕೊಡಬೇಕಾಯಿತು. “ಹೋಗುವುದು ಕಷ್ಟವಲ್ಲ, ಏಳುವುದೇ ಕಷ್ಟ” ಎಂದಳು. ಸ್ವಲ್ಪ ತಡೆದು, “ಅಲ್ಲಿ ಇಂತಹುದು ಬಾಡಿಗೆಗೆ ಕೊಡುತ್ತಾರೆಯೆ?” ಎಂದು ಕೇಳಿದಳು.

ಕೊಡುತ್ತಾರೆ. ನೆದರ್ಲೆಂಡ್ಸಿನಲ್ಲಿ ನೆಲ ಸಮ, ಸೈಕಲ್ಲಿಗೆ ಪ್ರತ್ಯೇಕ ದಾರಿ, ಒರಗುಸೈಕಲ್ಲನ್ನು ಮಾಡುವವರೂ ಮಾರುವವರೂ ಉಂಟು; ಮುಂಚಿತವಾಗಿ ತಿಳಿಸಿದರೆ ಬಾಡಿಗೆಗೆ ಕೊಡುವ ಅಂಗಡಿಗಳೂ ಉಂಟು. ಇಲ್ಲಿಂದ ನಮ್ಮ ಪ್ರಶ್ನೆಗೆ ಉತ್ತರ ಹೊಳೆಯಿತು. ಯಾವ ದೇಶದಲ್ಲಿ ಒಂದು ವಾಹನವು ಬಳಕೆಯಲ್ಲಿರುವುದೋ ಅಲ್ಲಿ ಅದನ್ನು ಬಾಡಿಗೆಗೆ ಹಿಡಿಯುವುದು ವಿವೇಕ. ಏಕೆಂದರೆ ಬಾಡಿಗೆಯೊಡನೆ ಆ ನಾಡಿನ ರಿಪೇರಿಯವರೂ ಬಿಡಿಭಾಗಗಳೂ ನಮ್ಮವಾಗುವುವು. ಯಾವ ದೇಶದಲ್ಲಿ ಅದಿಲ್ಲವೋ, ನಮ್ಮ ದೇಹಕ್ಕೆ ಅದರ ಹೊರತು ಬೇರೆ ಗತಿಯಿಲ್ಲವೋ, ಅಲ್ಲಿಗೆ ಅದನ್ನು ಒಯ್ಯಲೇಬೇಕು. ಒಯ್ಯುವಾಗ ಒಡೆಯತಕ್ಕ ಚಿಕ್ಕ ಭಾಗಗಳನ್ನು ಎರಡೆರಡು ಇಟ್ಟುಕೊಳ್ಳಬೇಕು. ಅತಿಥಿಯು ತಂದದ್ದೂ ಸರಿ, ಆತನ ಪತ್ನಿಯು ಬಾಡಿಗೆಗೆ ಹಿಡಿದದ್ದೂ ಸರಿ.

ಬಾಡಿಗೆಗೆ ಹಿಡಿಯುವವರು ಮೂರು ಮಾತನ್ನು ಮೊದಲೇ ಬರೆದು ಕೇಳತಕ್ಕದ್ದು. ಮೊಣಕಾಲು ನೋಯುವವರಿಗೆ ಆಸನವು ಎತ್ತರವಿರುವ ಮಾದರಿ ಇದೆಯೆ? ಏಳುವಾಗ ಹಿಡಿದುಕೊಳ್ಳಲು ಹಿಡಿಯುಂಟೆ? ಸವಾರರ ಕಾಲಿನ ಅಳತೆಗೆ ದಂಡವನ್ನೂ ಸರಪಣಿಯನ್ನೂ ಮುಂಚೆಯೇ ಸರಿಮಾಡಿ ಇಡುವರೆ? ಅಳತೆ ತೆಗೆಯುವುದು ಸುಲಭ: ಗೋಡೆಗೆ ಬೆನ್ನನ್ನು ಒತ್ತಿ ನೆಲದ ಮೇಲೆ ಕುಳಿತು ಕಾಲುಗಳನ್ನು ಚಾಚಿ, ಗೋಡೆಯಿಂದ ಅಂಗಾಲಿನವರೆಗೆ ಅಳೆಯುವುದು. ಕಳೆದ ವಾರ ನಾವು ನಡುಮನೆಯಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಅಳೆದೆವು, ತೊಂಬತ್ತನಾಲ್ಕು ಸೆಂಟಿಮೀಟರಾಯಿತು. ಮಗನಿಗೆ ಆ ಅಂಕವನ್ನು ಬರೆಯುವಾಗ ನಮ್ಮ ಸಹಧರ್ಮಿಣಿಯು ನಮ್ಮ ಲೆಕ್ಕವನ್ನು ನಂಬದೆ ತಾನೇ ಟೇಪನ್ನು ಹಿಡಿದು ಮತ್ತೊಮ್ಮೆ ಅಳೆಯಿಸಿದಳು. ಬರುವ ಬೇಸಗೆಗೆ ಟಿಕೀಟು ಕೊಂಡಾಗಿದೆ.